ಸೀಟು ತೆಗೆದು ಗೇರ್‌ಬಾಕ್ಸ್ ಇಳಿಸಿದ್ದು: ಹೆರಾಲ್ಡ್ ಕಾರಿನ ಕ್ಲಚ್ ಕೆಲಸ

ಜೂನ್‌ನಿಂದ ಅಕ್ಟೋಬರ್‌ವರೆಗೆ ಧಾರವಾಡದ ಮಾಳಮಡ್ಡಿಯ ಒಂದು ತಗಡಿನ ಶೆಡ್ಡಿನಲ್ಲಿ ಕಾರು ನಿಂತೇ ಇತ್ತು. ಮಳೆ ನಿಂತ ಮೇಲೆ ಬ್ಯಾಟರಿ ಹಾಕಿದರೆ ಎಂಜಿನ್ ಸಲೀಸಾಗಿ ಚಾಲೂ ಆಯಿತು. ಆದರೆ ಕ್ಲಚ್ ಪೆಡಲ್ ಪೂರ್ತಿ ಒತ್ತಿದರೂ ಗೇರ್ ಬೀಳಲಿಲ್ಲ, ಬರೀ ಕರಕರ ಸದ್ದು. ಎಂಜಿನ್ ಬಂದ್ ಮಾಡಿ, ಮೊದಲ ಗೇರ್ ಹಾಕಿ, ಪೆಡಲ್ ಒತ್ತಿಕೊಂಡೇ ಸೆಲ್ಫ್ ಹೊಡೆದರೆ ಗಾಡಿ ಮುಂದಕ್ಕೆ ಜಿಗಿಯಿತು. ಈ ಪರೀಕ್ಷೆ ಮಾಡುವಾಗ ಮುಂದೆ ಗೋಡೆಯಾಗಲಿ ಮನುಷ್ಯರಾಗಲಿ ಇರಕೂಡದು. ಗಾಡಿ ಜಿಗಿದರೆ ಅರ್ಥ ಒಂದೇ: ಕ್ಲಚ್ ಬಿಡುತ್ತಿಲ್ಲ, ಅಂದರೆ ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಬೇರೆ ಮಾಡುತ್ತಿಲ್ಲ.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು, 948 ಸಿಸಿ ಎಂಜಿನ್. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಹೆರಾಲ್ಡನ್ನು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ತಯಾರಿಸಿತು. ಇದೇ ಚಾಸಿಯನ್ನು ಮೊಟಕು ಮಾಡಿ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಎರಡರದೂ ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿ ಬಿಡಿಸಿದ ಮೈಕಟ್ಟು, ಎಂಜಿನ್ ಒಂದೇ ಮನೆತನದ್ದು, ಗೇರ್‌ಬಾಕ್ಸ್ ಹೊರಬರುವ ದಾರಿಯೂ ಒಂದೇ. ಹೀಗಾಗಿ ಇಲ್ಲಿ ಬರೆದದ್ದರಲ್ಲಿ ಬಹುಪಾಲು ಸ್ಪಿಟ್‌ಫೈರ್‌ಗೂ ಹೊಂದುತ್ತದೆ. ಬೇರೆ ಬಹುಪಾಲು ಕಾರುಗಳಲ್ಲಿ ಗೇರ್‌ಬಾಕ್ಸ್ ಕೆಳಕ್ಕೆ ಇಳಿಯುತ್ತದೆ, ಅದಕ್ಕೆ ಗುಂಡಿಯೋ ಲಿಫ್ಟೋ ಬೇಕು. ಇದರಲ್ಲಿ ಅದು ಮೇಲಕ್ಕೆ, ಡ್ರೈವರ್ ಕೂರುವ ಜಾಗದೊಳಗೆ ಬರುತ್ತದೆ. ಮನೆಯಂಗಳದಲ್ಲಿ ಈ ಕೆಲಸ ಮಾಡಲು ಸಾಧ್ಯವಾಗುವುದೇ ಆ ಕಾರಣಕ್ಕೆ.

ಆದರೆ ಪಾನಾ ಹಿಡಿಯುವ ಮೊದಲು ತಪ್ಪು ಎಲ್ಲಿದೆ ಅಂತ ಹುಡುಕಬೇಕು. ಕ್ಲಚ್ ಬಿಡದಿರುವುದಕ್ಕೆ ಎಷ್ಟೋ ಸಲ ಕಾರಣ ಗೇರ್‌ಬಾಕ್ಸಿನ ಹೊರಗೇ ಇರುತ್ತದೆ. ಇದು ಹೈಡ್ರಾಲಿಕ್ ಕ್ಲಚ್. ಪೆಡಲ್ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಎಣ್ಣೆ ಪೈಪಿನಲ್ಲಿ ಹೋಗಿ ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚದ, ಅಂದರೆ ಬೆಲ್ ಹೌಸಿಂಗಿನ, ಪಕ್ಕದ ಸ್ಲೇವ್ ಸಿಲಿಂಡರನ್ನು ದೂಡುತ್ತದೆ, ಅದರ ಪುಶ್‌ರಾಡ್ ಒಳಗಿನ ಫೋರ್ಕನ್ನು ಅಲುಗಿಸುತ್ತದೆ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸ್ಟೀಲ್ ಸ್ಕೇಲ್ ಹಿಡಿದು ಆ ರಾಡ್ ಎಷ್ಟು ಓಡುತ್ತದೆ ಅಂತ ಅಳೆಯಬೇಕು. ಸುಮಾರು 12 ಮಿ.ಮೀ. ಓಡಿದರೆ ಹೈಡ್ರಾಲಿಕ್ ಸರಿ ಇದೆ ಎನ್ನಬಹುದು. ನಮ್ಮದರಲ್ಲಿ ಮೊದಲು ಸಿಕ್ಕಿದ್ದು 10. ಸಿಲಿಂಡರಿನಲ್ಲಿ ಸೋರಿಕೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ಪೆಡಲಿಗೂ ಮಾಸ್ಟರ್ ರಾಡಿಗೂ ನಡುವಿನ ಪಿನ್ ಸವೆದು ಪೆಡಲಿನ ತೂತು ಮೊಟ್ಟೆಯಂತೆ ಉದ್ದವಾಗಿತ್ತು. ಪೆಡಲ್ ಓಡಿದರೂ ರಾಡ್ ಓಡದೆ ಅಲ್ಲೇ ಅಷ್ಟು ಕಳೆದುಹೋಗುತ್ತದೆ. ತೂತು ತುಂಬಿಸಿ ಹೊಸದಾಗಿ ಕೊರೆದು ಹೊಸ ಪಿನ್ ಹಾಕಿದ ಮೇಲೆ 12 ಬಂತು. ಕ್ಲಚ್ ಮಾತ್ರ ಆಗಲೂ ಬಿಡಲಿಲ್ಲ.

ಹಾಗಾದರೆ ಕ್ಲಚ್ಚಿನ ಪ್ಲೇಟ್ ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಅಂಟಿದೆ. ಧಾರವಾಡದ ಮಳೆ ರಪರಪ ಹೊಡೆದು ನಿಲ್ಲುವಂಥದಲ್ಲ. ವಾರಗಟ್ಟಲೆ ಜಿಟಿಜಿಟಿ ಹಿಡಿದುಬಿಡುತ್ತದೆ, ಗಾಳಿಯಲ್ಲಿ ಸದಾ ತೇವ. ಆ ತೇವ ಬೆಲ್ ಹೌಸಿಂಗಿನ ಒಳಗೂ ಹೋಗುತ್ತದೆ. ಬೀಡು ಕಬ್ಬಿಣದ ಫ್ಲೈವೀಲಿನ ಮುಖ ತುಕ್ಕು ಹಿಡಿಯುತ್ತದೆ, ಪ್ಲೇಟಿನ ಮೇಲಿನ ಉಜ್ಜುವ ಪದರ, ಅಂದರೆ ಫೇಸಿಂಗ್, ಆ ತೇವ ಹೀರಿಕೊಂಡು ತುಕ್ಕಿಗೇ ಕಚ್ಚಿಕೊಳ್ಳುತ್ತದೆ. ಬಿಚ್ಚದೆಯೇ ಬಿಡಿಸುವ ಉಪಾಯ ಎರಡಿವೆ. ಒಂದು, ಎಂಜಿನ್ ಚೆನ್ನಾಗಿ ಕಾಯಿಸಿ ಪೆಡಲಿಗೂ ಸೀಟಿಗೂ ನಡುವೆ ಕಟ್ಟಿಗೆ ಕೊಟ್ಟು ರಾತ್ರಿಯಿಡೀ ಒತ್ತಿ ಹಿಡಿಸುವುದು. ಅದನ್ನು ಎರಡು ರಾತ್ರಿ ಮಾಡಿದೆವು, ಫಲ ಸಿಗಲಿಲ್ಲ. ಇನ್ನೊಂದು, ಗೇರಿನಲ್ಲೇ ಸೆಲ್ಫ್ ಹೊಡೆದು ಗಾಡಿ ಓಡಿಸಿ, ಪೆಡಲ್ ಒತ್ತಿಕೊಂಡೇ ಆಕ್ಸಿಲರೇಟರನ್ನು ಥಟ್ಟನೆ ಒತ್ತಿ ಬಿಟ್ಟು ಮಾಡುವುದು. ನಾಲ್ಕು ತಿಂಗಳು ನಿಂತ ಗಾಡಿಯ ಬ್ರೇಕ್ ಹೇಗಿದೆಯೋ ನೋಡದೆ, ಕ್ಲಚ್ ಇಲ್ಲದ ಕಾರನ್ನು ರಸ್ತೆಗೆ ಇಳಿಸುವುದು ಸರಿಯಲ್ಲ. ಅದಕ್ಕೆ ಆ ದಾರಿ ಬಿಟ್ಟೆವು.

ಬಿಚ್ಚುವ ಮೊದಲು ಮಾಡಲೇಬೇಕಾದ ಇನ್ನೊಂದು ಅಳತೆ ಇದೆ, ಬಹಳ ಮಂದಿ ಮಾಡುವುದಿಲ್ಲ. ಕ್ಲಚ್ ಒತ್ತಿದಾಗಲೆಲ್ಲ ಫೋರ್ಕ್ ದೂಡುವ ರಿಲೀಸ್ ಬೇರಿಂಗ್ ಎಂಜಿನ್ನಿನ ಮುಖ್ಯ ತಿರುಗು ದಂಡವಾದ ಇಡೀ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ದೂಡುತ್ತದೆ. ಆ ಭಾರ ಹೊರುವುದು ಹಿಂದಿನ ಮೇನ್ ಬೇರಿಂಗಿನ ಹತ್ತಿರ ಕೂತಿರುವ ಅರ್ಧಚಂದ್ರಾಕಾರದ ಎರಡು ಥ್ರಸ್ಟ್ ವಾಷರ್. ಈ ಎಂಜಿನ್ನಿನ ದೊಡ್ಡ ದೌರ್ಬಲ್ಯವೇ ಅವು. ಸವೆದು ತೆಳ್ಳಗಾದರೆ ಜಾಗದಿಂದ ಜಾರಿ ಎಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿಯಾದ ಸಂಪಿನೊಳಗೆ ಬೀಳುತ್ತವೆ. ಆಮೇಲೆ ಕ್ರ್ಯಾಂಕ್ ನೇರ ಬ್ಲಾಕಿಗೇ ಉಜ್ಜುತ್ತದೆ, ಬ್ಲಾಕೇ ಹಾಳು. ಮುಂದಿನ ಪುಲ್ಲಿಗೆ ಡಯಲ್ ಗೇಜ್ ಹಚ್ಚಿ, ಒಳಗೆ ಒಬ್ಬರನ್ನು ಕೂಡಿಸಿದೆವು.

“ಒತ್ಲೇನ್ರೀ?”

“ಹೂಂ, ಒತ್ರಿ. ಈಗ ಬಿಡ್ರಿ. ಇನ್ನೊಮ್ಮೆ ಒತ್ರಿ.”

ಪ್ರತಿ ಸಲ ಬಿಟ್ಟ ಮೇಲೆ ಪುಲ್ಲಿಯನ್ನು ಕೈಯಿಂದ ಹಿಂದಕ್ಕೆ ದೂಡಬೇಕು. ಓಡಾಟ ಏಳು ಥೌ (ಒಂದು ಥೌ ಇಂಚಿನ ಸಾವಿರದ ಒಂದು ಪಾಲು), ಅಂದರೆ ಸುಮಾರು 0.18 ಮಿ.ಮೀ. ಸಿಕ್ಕಿತು. ಇದು ನಡೆಯುತ್ತದೆ. ಹತ್ತು ಥೌ ದಾಟಿದ್ದರೆ ಕ್ಲಚ್ ಕೆಲಸದ ಜೊತೆಗೇ ಸಂಪ್ ಇಳಿಸಿ ವಾಷರ್ ಬದಲಿಸುತ್ತಿದ್ದೆವು. ಇದೇ ಕಾರಣಕ್ಕೆ ಈ ಗಾಡಿಯನ್ನು ಮುಂಜಾನೆ ಚಾಲೂ ಮಾಡುವಾಗ ಕ್ಲಚ್ ಒತ್ತಬಾರದು, ನ್ಯೂಟ್ರಲ್‌ನಲ್ಲಿ ಸೆಲ್ಫ್ ಹೊಡೆಯಬೇಕು. ಎಣ್ಣೆ ಇನ್ನೂ ಏರದ ಹೊತ್ತಿನಲ್ಲಿ ಒಣ ವಾಷರಿನ ಮೇಲೆ ಭಾರ ಬೀಳುತ್ತದೆ. ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡು ಪೆಡಲ್ ಒತ್ತಿ ಕೂರುವುದೂ ಅಷ್ಟೇ ಕೆಟ್ಟದ್ದು.

ಜಾಗದ ಮಾತು. ನಮ್ಮ ಕಡೆ ಪಡಸಾಲೆ, ಪೋರ್ಚ್ ಎಲ್ಲ ಶಹಾಬಾದ್ ಕಲ್ಲು. ಅದರ ಮೇಲೆ ನೇರವಾಗಿ ಜಾಕ್ ಸ್ಟ್ಯಾಂಡ್ ಇಟ್ಟರೆ ಒಂದು ಬಿಂದುವಿನಲ್ಲಿ ಭಾರ ಬಿದ್ದು ಕಲ್ಲು ಪಟ್ಟನೆ ಸೀಳುತ್ತದೆ. ಅಂಗಳದ ಎರೆ ಮಣ್ಣಾದರೆ ಇನ್ನೂ ಕಷ್ಟ, ಒಣಗಿದ್ದಾಗ ಗಟ್ಟಿ ಅನಿಸುತ್ತದೆ, ಒಳಗೆ ಹಸಿ ಇದ್ದರೆ ಸ್ಟ್ಯಾಂಡ್ ನಿಧಾನಕ್ಕೆ ಇಳಿಯುತ್ತ ಹೋಗುತ್ತದೆ. ಒಂದೂವರೆ ಅಡಿ ಚೌಕದ, ಎರಡು ಇಂಚು ದಪ್ಪದ ಸಾಗವಾನಿ ಹಲಗೆಗಳನ್ನು ಪ್ರತಿ ಸ್ಟ್ಯಾಂಡಿನ ಕೆಳಗೆ ಇಟ್ಟೆವು. ಸ್ಟ್ಯಾಂಡ್ ಚಾಸಿಯ ಮುಖ್ಯ ತೊಲೆಗೇ ತಾಗಬೇಕು. ಪಕ್ಕಕ್ಕೆ ಚಾಚಿದ ತೆಳು ತೋಳುಗಳಿಗಾಗಲಿ ನೆಲದ ತಗಡಿಗಾಗಲಿ ಕೊಟ್ಟರೆ ಅವು ಮಡಚಿಕೊಳ್ಳುತ್ತವೆ. ಗೇರ್‌ಬಾಕ್ಸ್ ಮೇಲಿಂದ ಬರುವುದರಿಂದ ಗಾಡಿಯನ್ನು ಬಹಳ ಎತ್ತಬೇಕಿಲ್ಲ, ಕೆಳಗೆ ತೂರುವಷ್ಟು ಸಾಕು.

ಪಾನಾ ವಿಷಯದಲ್ಲಿ ರಾಜಿ ಬೇಡ. ಈ ಕಾರಿನ ಥ್ರೆಡ್ ಎಲ್ಲ ಇಂಚಿನವು. 7/16, 1/2 ಮತ್ತು 9/16 ಇಂಚಿನ ಪಾನಾ, ಸಾಕೆಟ್ ಬೇಕೇ ಬೇಕು. 13 ಮಿ.ಮೀ. ಪಾನಾ ಅರ್ಧ ಇಂಚಿನ ನಟ್ಟಿಗೆ ಹೋಗುತ್ತದೆ, ಆದರೆ 0.3 ಮಿ.ಮೀ. ಸಡಿಲ. ತುಕ್ಕು ಹಿಡಿದ ನಟ್ಟಿನ ಮೂಲೆ ಸವರಿಹೋಗಲು ಅಷ್ಟೇ ಸಾಕು. 11ರದು 7/16ಕ್ಕೆ ಹೋಗುವುದೇ ಇಲ್ಲ, 12 ಗಿರಗಿರ ತಿರುಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೋಲ್ಟಿನದು. 5/16 ಇಂಚಿನ ಯುಎನ್‌ಎಫ್ (ಸಣ್ಣ ಥ್ರೆಡ್ಡಿನ) ಬೋಲ್ಟ್ ಮತ್ತು 8 ಮಿ.ಮೀ. ಬೋಲ್ಟ್ ಕಣ್ಣಿಗೆ ಒಂದೇ ತರಹ ಕಾಣುತ್ತವೆ. 8ರ ಬೋಲ್ಟ್ ಈ ತೂತಿಗೆ ಎರಡು ಸುತ್ತು ಹೋಗಿ ಬಿಗಿಯುತ್ತದೆ, ಜೋರು ಮಾಡಿದರೆ ಥ್ರೆಡ್ ಕೆರೆದು ಹೋಗುತ್ತದೆ. ಹಿಂದೆ ಯಾರೋ ಬೆಲ್ ಹೌಸಿಂಗಿಗೆ ಹೀಗೆ ಒಂದು ಬೋಲ್ಟ್ ಜಡಿದಿದ್ದರು, ಅದರ ಜಾಗ ಸರಿಮಾಡಲಿಕ್ಕೆ ಅರ್ಧ ದಿನ ಹೋಯಿತು.

ಬ್ಯಾಟರಿಯ ಎರಡೂ ವೈರ್ ಬಿಡಿಸಿ ಒಳಗಿನ ಕೆಲಸ ಹಿಡಿದೆವು. ಮುಂದಿನ ಎರಡೂ ಸೀಟು, ಕಾರ್ಪೆಟ್, ಗೇರ್ ಲಿವರಿನ ರಬ್ಬರ್, ಕೊನೆಗೆ ಗೇರ್‌ಬಾಕ್ಸಿನ ಮೇಲಿನ ಸುರಂಗದಂಥ ಮುಚ್ಚಳ. ಸ್ಪಿಟ್‌ಫೈರ್‌ನಲ್ಲಾದರೆ ಡ್ಯಾಶ್‌ಬೋರ್ಡಿನ ಕೆಳಗಿನ ಆಧಾರದ ಚೌಕಟ್ಟನ್ನೂ ತೆಗೆಯಬೇಕಾಗುತ್ತದೆ. ಈ ಮುಚ್ಚಳ ಒತ್ತಿದ ರಟ್ಟಿನಂಥ ಪದಾರ್ಥದ್ದು. ತೇವಕ್ಕೆ ಮೆತ್ತಗಾಗಿ, ಒಣಗಿ, ಅಂಚು ಪುಡಿಯಾಗಿರುತ್ತದೆ. ಸ್ಕ್ರೂಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಒಂದು ಸ್ಕ್ರೂ ಬಿಟ್ಟುಹೋಗಿದ್ದರೂ ಎಳೆದಾಗ ಮುಚ್ಚಳ ಹರಿಯುತ್ತದೆ. ನಮ್ಮದು ಎರಡು ಕಡೆ ಸೀಳಿತ್ತು, ಒಳಮೈಗೆ ಫೈಬರ್‌ಗ್ಲಾಸ್ ಬಟ್ಟೆ, ರೆಸಿನ್ ಎರಡು ಪದರ ಹಚ್ಚಿ ಗಟ್ಟಿ ಮಾಡಿಕೊಂಡೆವು. ಇದನ್ನು ಉದಾಸೀನ ಮಾಡಬಾರದು, ಎಂಜಿನ್ನಿನ ಶಾಖ, ಹೊಗೆ ಒಳಗೆ ಬರದಂತೆ ತಡೆಯುವುದು ಈ ಮುಚ್ಚಳವೇ.

ಮುಚ್ಚಳ ತೆಗೆದ ಮೇಲೆ ಇಡೀ ಗೇರ್‌ಬಾಕ್ಸ್ ಕಣ್ಣೆದುರು. ಮೊದಲು ಹಿಂದಿನ ಗಾಲಿಗಳ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಗೇರ್‌ಬಾಕ್ಸಿನ ಫ್ಲೇಂಜಿಗೂ ಶಾಫ್ಟಿನ ಫ್ಲೇಂಜಿಗೂ ಅಡ್ಡವಾಗಿ ಬಿಳಿ ಬಣ್ಣದ ಗೀಟು ಎಳೆದು, ಆಮೇಲೆ ನಾಲ್ಕು ಬೋಲ್ಟ್ ಬಿಚ್ಚಬೇಕು. ಗುರುತಿಲ್ಲದೆ ಬಿಚ್ಚಿ ತಿರುಗಿಸಿ ಹಾಕಿದರೆ ತೂಕದ ಹೊಂದಾಣಿಕೆ ತಪ್ಪಿ ಓಡುವಾಗ ನಡುಕ ಬರುತ್ತದೆ. ಒಮ್ಮೆಗೆ ಎರಡೇ ಬೋಲ್ಟಿಗೆ ಪಾನಾ ಸಿಗುತ್ತದೆ. ಹಿಂದಿನ ಒಂದು ಗಾಲಿ ಎತ್ತಿ ಕೈಯಿಂದ ತಿರುಗಿಸಿ ಉಳಿದೆರಡನ್ನು ಎದುರಿಗೆ ತಂದುಕೊಂಡು, ಬಿಚ್ಚುವ ಹೊತ್ತಿಗೆ ಗೇರಿನಲ್ಲಿ ಹಾಕಿಬಿಟ್ಟರೆ ಶಾಫ್ಟ್ ತಿರುಗುವುದಿಲ್ಲ.

ಈ ಗೇರ್‌ಬಾಕ್ಸಿನ ಹಿಂಬದಿಯ ಫ್ಲೇಂಜ್ ಅಲ್ಲೇ ಉಳಿಯುವುದರಿಂದ ಶಾಫ್ಟ್ ತೆಗೆದರೂ ಎಣ್ಣೆ ಸುರಿಯುವುದಿಲ್ಲ. ಆದರೂ ಎಣ್ಣೆ ಇಳಿಸಿಯೇಬಿಡಿ. ಮುಂದಿನ ಹೆಜ್ಜೆಯಲ್ಲಿ ಗೇರ್ ಲಿವರ್ ಕೂತಿರುವ ಮೇಲಿನ ಭಾಗವನ್ನೇ ಬೋಲ್ಟ್ ಬಿಚ್ಚಿ ಎತ್ತುತ್ತೇವೆ. ಆ ಮೇಲೆ ಗೇರ್‌ಬಾಕ್ಸ್ ವಾಲಿದರೆ ಎಣ್ಣೆಯೆಲ್ಲ ನೆಲದ ತಗಡಿನ ಮೇಲೆ. ಅದನ್ನು ತೆಗೆಯುವಾಗ ನ್ಯೂಟ್ರಲ್‌ನಲ್ಲಿರಬೇಕು. ತೆರೆದ ಬಾಯಿಗೆ ದಪ್ಪ ರಟ್ಟು ಕತ್ತರಿಸಿ ಎರಡು ಬೋಲ್ಟಿನಿಂದ ಹಿಡಿಸಿ, ಒಂದು ಸಣ್ಣ ವಾಷರ್ ಒಳಗೆ ಬಿದ್ದರೂ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.

ಸ್ಪೀಡೋಮೀಟರ್ ಕೇಬಲ್ಲಿನ ನಟ್ ಕೈಯಿಂದಲೇ ಬಿಡಿಸಬಹುದು. ಸ್ಲೇವ್ ಸಿಲಿಂಡರಿನ ಪೈಪ್ ಬಿಚ್ಚಬೇಡಿ, ಸಿಲಿಂಡರನ್ನಷ್ಟೇ ಅದರ ಜಾಗದಿಂದ ಬಿಡಿಸಿ ತಂತಿಯಿಂದ ಪಕ್ಕಕ್ಕೆ ಕಟ್ಟಿ. ಹೀಗೆ ಮಾಡಿದರೆ ಆಮೇಲೆ ಪೈಪಿನಿಂದ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ. ಅದು ತೂಗಾಡುತ್ತಿರುವಾಗ ಮಾತ್ರ ಯಾರೂ ಪೆಡಲ್ ಒತ್ತಕೂಡದು, ಪಿಸ್ಟನ್ ಹೊರಗೆ ಹಾರುತ್ತದೆ. ಪೆಡಲಿಗೆ ಒಂದು ಅರಿವೆ ಕಟ್ಟಿಬಿಟ್ಟೆವು. ಸೆಲ್ಫ್ ಮೋಟರ್, ಗೇರ್‌ಬಾಕ್ಸಿಗೆ ಸೈಲೆನ್ಸರ್ ಪೈಪ್ ಹಿಡಿಸಿರುವ ಪಟ್ಟಿ, ಇವೆರಡೂ ಬಿಡಬೇಕು.

ಈಗ ಎಂಜಿನ್ನಿಗೆ ಆಧಾರ. ಸಂಪಿನ ಹಿಂಬದಿಗೆ ಅಗಲವಾದ ಕಟ್ಟಿಗೆ ಕೊಟ್ಟು ಜಾಕ್ ಮುಟ್ಟಿಸಬೇಕು. ಕಟ್ಟಿಗೆ ಇಲ್ಲದಿದ್ದರೆ ಸಂಪಿನ ತಗಡು ಒಳಗೆ ಕುಸಿಯುತ್ತದೆ. ಹಿಂದಿನ ಮೌಂಟಿಂಗಿನ ನಟ್ ಬಿಚ್ಚಿ, ಜಾಕನ್ನು ಸ್ವಲ್ಪವೇ ಏರಿಸಿದರೆ ರಬ್ಬರ್‌ಗಳು ತಮ್ಮ ಜಾಗ ಬಿಟ್ಟು ಮೇಲೇಳುತ್ತವೆ. ರಬ್ಬರ್ ಎಣ್ಣೆ ಕುಡಿದು ಉಬ್ಬಿದ್ದರೆ ಹೊಸದು ಹಾಕಿ, ಹಳೆಯ ಮೌಂಟಿಂಗಿನಿಂದ ಗಾಡಿ ಹೊರಡುವಾಗ ಕ್ಲಚ್ ತಟತಟ ಹಿಡಿಯುತ್ತದೆ, ತಪ್ಪು ಪ್ಲೇಟಿನ ಮೇಲೆ ಬರುತ್ತದೆ.

ಬೆಲ್ ಹೌಸಿಂಗಿನ ಸುತ್ತಿನ ಬೋಲ್ಟ್‌ಗಳಲ್ಲಿ ಮೇಲಿನವು ಬಾನೆಟ್ ಕಡೆಯಿಂದ ಸಿಗುತ್ತವೆ. ಇಡೀ ಮುಂಭಾಗವೇ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಚಕ್ರದ ಮೇಲೆ ಕೂತು ಕೆಲಸ ಮಾಡಬಹುದು, ಈ ಸುಖ ಬೇರೆ ಕಾರುಗಳಲ್ಲಿ ಅಪರೂಪ. ಬೋಲ್ಟ್‌ಗಳು ಎಲ್ಲವೂ ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಬೆಲ್ ಹೌಸಿಂಗಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಅದದೇ ಜಾಗಕ್ಕೆ ಚುಚ್ಚಿಟ್ಟೆವು.

ಎಲ್ಲ ಬಿಚ್ಚಿದೆವು ಅಂದುಕೊಂಡು ಎಳೆದರೆ ಗೇರ್‌ಬಾಕ್ಸ್ ಅಲುಗಲಿಲ್ಲ. ಮೇಲುಗಡೆ ಎರಡು ಮಿ.ಮೀ. ಸಂದಿ ಬಿಡುತ್ತದೆ, ಕೆಳಗೆ ಇಲ್ಲ. ಇಂಥ ಹೊತ್ತಿಗೆ ಸ್ಕ್ರೂ ಡ್ರೈವರ್ ತುರುಕಿ ಮೀಟುವ ಮನಸ್ಸಾಗುತ್ತದೆ. ಬೆಲ್ ಹೌಸಿಂಗ್ ಅಲ್ಯೂಮಿನಿಯಂ, ಅಂಚು ಒಡೆದರೆ ಇಲ್ಲಿ ಇನ್ನೊಂದು ಸಿಗುವುದಿಲ್ಲ. ಒಂದು ಕಡೆ ಸಂದಿ ಬಂದು ಇನ್ನೊಂದು ಕಡೆ ಬಾರದಿದ್ದರೆ ಅಲ್ಲೊಂದು ನಟ್ ಉಳಿದಿದೆ ಅಂತಲೇ ಅರ್ಥ. ಕೆಳಭಾಗದಲ್ಲಿ ಎಣ್ಣೆ, ಕೆಸರು ಸೇರಿ ಗಟ್ಟಿಯಾದ ಪದರವನ್ನು ಚಾಣದಿಂದ ಕೆರೆದರೆ ಒಳಗೆ ಒಂದು ನಟ್ ಅಡಗಿತ್ತು. ಅದು ಬಿಟ್ಟ ಮೇಲೆ ಗೇರ್‌ಬಾಕ್ಸ್ ಸುಮ್ಮನೆ ಹಿಂದೆ ಸರಿಯಿತು.

ಸರಿಯುವ ಆ ನಾಲ್ಕೈದು ಇಂಚಿನ ದಾರಿಯಲ್ಲಿ ಗೇರ್‌ಬಾಕ್ಸಿನ ಭಾರ ಅದರ ಇನ್‌ಪುಟ್ ಶಾಫ್ಟಿನ ಮೇಲೆ ಬೀಳಕೂಡದು. ಶಾಫ್ಟಿನ ಮೂತಿ ಇನ್ನೂ ಪ್ಲೇಟಿನ ನಡುವಿನ ಹಬ್ಬಿನಲ್ಲಿರುತ್ತದೆ. ಗೇರ್‌ಬಾಕ್ಸ್ ಜೋತುಬಿದ್ದರೆ ಹಬ್ ಸೊಟ್ಟಗಾಗುತ್ತದೆ, ಪ್ಲೇಟ್ ಹೊಸದಾದರೂ ಕ್ಲಚ್ ಬಿಡುವುದಿಲ್ಲ. ತೂಕ ಇಪ್ಪತ್ತೈದು ಮೂವತ್ತು ಕಿಲೋ ಅಷ್ಟೇ, ಒಬ್ಬ ಗಟ್ಟಿ ಆಳು ಎತ್ತಬಹುದು, ಆದರೆ ಕೂತು, ಬಾಗಿ, ಚಾಚಿದ ಕೈಯಿಂದ ಸಮನಾಗಿ ಹಿಡಿಯುವುದು ಒಬ್ಬರ ಕೈಯಲ್ಲಿ ಆಗದು. ನೆಲದ ಎರಡೂ ಬದಿಗೆ ಅಡ್ಡಲಾಗಿ ಹಲಗೆ ಹಾಸಿ, ಒಬ್ಬರು ಬೆಲ್ ಹೌಸಿಂಗಿನ ಕಡೆ, ಇನ್ನೊಬ್ಬರು ಹಿಂದೆ ಹಿಡಿದು, ನೇರವಾಗಿ ಹಿಂದಕ್ಕೆಳೆದು, ಶಾಫ್ಟ್ ಪೂರ್ತಿ ಹೊರಬಂದ ಮೇಲಷ್ಟೇ ಮೂತಿ ಎತ್ತಿ ಬಾಗಿಲಿನಿಂದ ಹೊರಗೆ ತಂದೆವು.

ಇಷ್ಟಕ್ಕೆ ಒಂದೂವರೆ ದಿನ. ಕ್ಲಚ್ ಬಿಚ್ಚಿದ್ದು ಇಪ್ಪತ್ತು ನಿಮಿಷ.

ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಕವರಿಗೆ ಆರು ಬೋಲ್ಟ್. ಕವರಿಗೂ ಫ್ಲೈವೀಲಿಗೂ ಸೇರಿಸಿ ಒಂದು ಗುರುತು ಹಾಕಿ, ಎದುರುಬದುರು ಬೋಲ್ಟ್‌ಗಳನ್ನು ಅರ್ಧರ್ಧ ಸುತ್ತಿನಂತೆ ಸಡಿಲಿಸಬೇಕು. ಒಳಗಿನ ಸ್ಪ್ರಿಂಗ್‌ಗಳು ಒತ್ತಿಕೊಂಡೇ ಇರುತ್ತವೆ, ಒಂದು ಬದಿ ಪೂರ್ತಿ ಬಿಚ್ಚಿದರೆ ಕವರಿನ ತಗಡು ತಿರುಚಿಕೊಳ್ಳುತ್ತದೆ. ನಮ್ಮದು ಹಳೆಯ ಕಾಯಿಲ್ ಸ್ಪ್ರಿಂಗಿನ ಕವರ್, ನಡುವೆ ಮೂರು ಫಿಂಗರ್ ಇರುವಂಥದು. ಆ ಫಿಂಗರ್‌ಗಳ ನಟ್ ಮುಟ್ಟಬೇಡಿ, ಮೂರೂ ಒಂದೇ ಎತ್ತರಕ್ಕೆ ಕಾರ್ಖಾನೆಯಲ್ಲಿ ಹೊಂದಿಸಿದವು. ಆಮೇಲಿನ ಹೆರಾಲ್ಡ್, ಸ್ಪಿಟ್‌ಫೈರ್‌ಗಳಲ್ಲಿ ಇವುಗಳ ಬದಲು ತಟ್ಟೆಯಾಕಾರದ ಒಂದೇ ಸ್ಪ್ರಿಂಗ್, ಅಂದರೆ ಡಯಾಫ್ರಾಮ್, ಬಂತು. ಪ್ಲೇಟಿನ ಅಳತೆಯೂ 6¼, 6½, 7¼ ಇಂಚು ಅಂತ ಬೇರೆ ಬೇರೆ. ಹೆರಾಲ್ಡ್ ಪ್ಲೇಟ್ ಎಂದಷ್ಟೇ ಹೇಳಿ ತರಿಸಿದರೆ ಏನು ಬರುತ್ತದೋ ಹೇಳಲಾಗದು. ಬಿಚ್ಚಿದ್ದನ್ನು ಅಳೆದೇ ತರಿಸಬೇಕು.

ಕವರ್ ಬಂದರೂ ಪ್ಲೇಟ್ ಫ್ಲೈವೀಲಿಗೆ ಅಂಟಿಯೇ ನಿಂತಿತ್ತು. ಎದುರುಬದುರು ಅಂಚಿಗೆ ತೆಳು ಮರದ ಬೆಣೆ ಕೊಟ್ಟು ಮೆಲ್ಲಗೆ ತಟ್ಟಿದಾಗ ಚಕ್ಕಂತ ಬಿಟ್ಟುಕೊಂಡಿತು. ಹಳೆಯ ಫೇಸಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ. ಬೆಲ್ ಹೌಸಿಂಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ಗ್ಯಾರೇಜುಗಳಲ್ಲಿ ದಿನಾ ನಡೆಯುವ ತಪ್ಪು. ನೀರು ಚಿಮುಕಿಸಿ, ಒದ್ದೆ ಅರಿವೆಯಿಂದ ಒರೆಸಿ, ಆ ಅರಿವೆಯನ್ನು ಹಸಿಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಿ. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ.

ಇಲ್ಲಿಂದ ಮುಂದೆ ಅವಸರ ಮಾಡಬಾರದು. ಬಿಚ್ಚಿದ ಸಾಮಾನು ಏನಾಗಿತ್ತು ಅಂತ ತಾನೇ ಹೇಳುತ್ತದೆ, ಕಾರಣ ತಿಳಿಯದೆ ಹೊಸ ಪ್ಲೇಟ್ ಹಾಕಿದರೆ ಅದೇ ಕೆಲಸ ಮತ್ತೊಮ್ಮೆ. ಫ್ಲೈವೀಲಿನ ಮೇಲೆ ಫೇಸಿಂಗಿನ ಗೆರೆಗಳು ತುಕ್ಕಿನಲ್ಲಿ ಅಚ್ಚೊತ್ತಿದ್ದವು, ಅಂಟಿದ್ದು ತೇವಕ್ಕೇ ಎಂಬುದು ಖಾತ್ರಿಯಾಯಿತು. ಆದರೆ ಪ್ಲೇಟಿನ ಒಳ ಅಂಚು ಎಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆ ಎಲ್ಲಿಯದು ಎಂಬುದಕ್ಕೆ ಮೂಗೇ ಸಾಕ್ಷಿ. ಗೇರ್ ಎಣ್ಣೆಗೆ ಗಂಧಕದ ಘಾಟು ಇರುತ್ತದೆ, ಎಂಜಿನ್ ಎಣ್ಣೆಗೆ ಅದಿಲ್ಲ. ಇದು ಗೇರ್ ಎಣ್ಣೆ. ಗೇರ್‌ಬಾಕ್ಸಿನ ಮುಂದಿನ ಕವರಿನ ಗ್ಯಾಸ್ಕೆಟ್ ಒಂದು ಕಡೆ ಹರಿದಿತ್ತು, ಹೊಸದನ್ನು ಗ್ಯಾಸ್ಕೆಟ್ ಕಾಗದದಲ್ಲಿ ಕತ್ತರಿಸಿ ಹಾಕಿದೆವು. ಎಣ್ಣೆ ಫ್ಲೈವೀಲಿನ ಹಿಂದಿನಿಂದ ಬಂದಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್ ನೋಡಬೇಕಿತ್ತು.

ರಿಲೀಸ್ ಬೇರಿಂಗನ್ನು ಕಿವಿಗೆ ಹಿಡಿದು ತಿರುಗಿಸಿದರೆ ಮರಳು ಸದ್ದು, ಅದನ್ನು ಬದಲಿಸಿದೆವು. ಬೇರಿಂಗ್ ಚೆನ್ನಾಗಿದ್ದರೂ ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ, ಮತ್ತೆ ತುಂಬಲು ಬರುವುದಿಲ್ಲ. ಫೋರ್ಕ್ ತಿರುಗುವ ಪಿನ್ ಸವೆದಿದ್ದರೆ ಪುಶ್‌ರಾಡಿನ 12 ಮಿ.ಮೀ.ನಲ್ಲಿ ಒಂದು ಪಾಲು ಅಲ್ಲೇ ಮಾಯ. ಗೇರ್‌ಬಾಕ್ಸ್ ಹೊರಗಿರುವಾಗಲೇ ಅದನ್ನು ಅಲುಗಿಸಿ ನೋಡಬೇಕು.

ಕ್ರ್ಯಾಂಕಿನ ತುದಿಯಲ್ಲಿ, ಇನ್‌ಪುಟ್ ಶಾಫ್ಟಿನ ಮೂತಿ ಕೂರುವ ಸಣ್ಣ ಕಂಚಿನ ಬುಷ್ ಇದೆ. ಅದು ಒಣಗಿ ಕಚ್ಚಿದರೆ ಕ್ಲಚ್ ಬಿಟ್ಟರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಲಕ್ಷಣವೆಲ್ಲ ಪ್ಲೇಟ್ ಅಂಟಿದಂತೆಯೇ. ಹಿಂದುಗಡೆ ಬಂದ್ ಇರುವ ತೂತಾದ್ದರಿಂದ ಕೊಕ್ಕೆ ಹಾಕಿ ಎಳೆಯಲು ಬಾರದು. ತೂತಿನ ತುಂಬ ಗ್ರೀಸ್ ಒತ್ತಿ ತುಂಬಿ, ಬುಷ್ಷಿನೊಳಗೆ ಬಿಗಿಯಾಗಿ ಹೋಗುವ ಒಂದು ಉಕ್ಕಿನ ಕಂಬಿ ಇಟ್ಟು ಸುತ್ತಿಗೆಯಿಂದ ಹೊಡೆದರೆ, ಗ್ರೀಸಿನ ಒತ್ತಡಕ್ಕೆ ಬುಷ್ ತಾನೇ ಹಿಂದಕ್ಕೆ ಬರುತ್ತದೆ. ಕಂಬಿ ಸಡಿಲ ಇದ್ದರೆ ಗ್ರೀಸ್ ಪಕ್ಕದಿಂದ ಚಿಮ್ಮುತ್ತದೆ, ಆಗ ಒದ್ದೆ ಕಾಗದದ ಉಂಡೆ ತುರುಕಿದರೆ ಕೆಲಸ ಆಗುತ್ತದೆ. ಹೊಸ ಬುಷ್ಷನ್ನು ಎಂಜಿನ್ ಎಣ್ಣೆಯಲ್ಲಿ 24 ಗಂಟೆ ನೆನೆಹಾಕಿ ಕೂರಿಸಬೇಕು. ಅದರ ಮೈಯೆಲ್ಲ ಸೂಕ್ಷ್ಮ ರಂಧ್ರ, ಎಣ್ಣೆ ಹೀರಿಟ್ಟುಕೊಂಡು ವರ್ಷಗಟ್ಟಲೆ ಜಿನುಗಿಸುತ್ತದೆ. ಹೊಸ ಬುಷ್ಷಿಗೆ ಗ್ರೀಸ್ ಬಳಿದರೆ ಆ ರಂಧ್ರಗಳೇ ಮುಚ್ಚಿಹೋಗುತ್ತವೆ.

ಫ್ಲೈವೀಲಿನಲ್ಲಿ ಬಿರುಕಾಗಲಿ ಆಳದ ಗೀರಾಗಲಿ ಇರಲಿಲ್ಲ. ಬಿಚ್ಚದೆಯೇ 120 ನಂಬರಿನ ಎಮರಿ ಕಾಗದವನ್ನು ಚಪ್ಪಟೆ ಕಟ್ಟಿಗೆಗೆ ಸುತ್ತಿ, ವೃತ್ತದಲ್ಲಿ ಉಜ್ಜದೆ ಅಡ್ಡಾದಿಡ್ಡಿ ಉಜ್ಜಿ, ಕೊನೆಗೆ ಪೆಟ್ರೋಲ್ ಅರಿವೆಯಿಂದ ಒರೆಸಿದೆವು.

ಹೊಸ ಪ್ಲೇಟ್ ಸುಲಭಕ್ಕೆ ಸಿಗುವುದಿಲ್ಲ, ಹಳೆಯದಕ್ಕೇ ಹೊಸ ಫೇಸಿಂಗ್ ರಿವೆಟ್ ಮಾಡಿಸುವುದು ಹುಬ್ಬಳ್ಳಿಯಲ್ಲಿ ಇಂದಿಗೂ ಆಗುವ ಕೆಲಸ. ಹಬ್ಬಿನ ಸ್ಪ್ರಿಂಗ್‌ಗಳು ಕೈಗೆ ಅಲುಗದಿದ್ದರೆ, ಸ್ಪ್ಲೈನ್ ಹಲ್ಲು ಸವೆದಿರದಿದ್ದರೆ ಮಾತ್ರ ಮಾಡಿಸಿ. ಕಲ್ನಾರಿಲ್ಲದ ಫೇಸಿಂಗ್ ಕೇಳಿ. ಎರಡೂ ಬದಿಯದು ಒಂದೇ ದಪ್ಪ ಇರಲಿ, ರಿವೆಟಿನ ತಲೆ ಮುಖದಿಂದ ಕನಿಷ್ಠ ಒಂದು ಮಿ.ಮೀ. ಒಳಗಿರಲಿ. ಮೊದಲ ಸಲ ಮಾಡಿಸಿ ತಂದ ಪ್ಲೇಟ್ ನೋಡಲು ಚಂದವಿತ್ತು. ಬಿಚ್ಚಿಟ್ಟ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೇ ಅದನ್ನು ಏರಿಸಿ, ಅಂಚಿನ ಪಕ್ಕ ಒಂದು ತಂತಿಯ ಮೊನೆ ನಿಲ್ಲಿಸಿ ತಿರುಗಿಸಿದರೆ ಒಂದು ಮಿ.ಮೀ.ಗಿಂತ ಹೆಚ್ಚು ಓಲಾಡಿತು. ಅರ್ಧ ಮಿ.ಮೀ. ದಾಟಬಾರದು. ಒಂದು ಬದಿಯ ರಿವೆಟ್‌ಗಳು ಸರಿಯಾಗಿ ಎಳೆದುಕೊಂಡಿರಲಿಲ್ಲ. ಹಾಗೇ ಹಾಕಿದ್ದರೆ ಪ್ಲೇಟ್ ಪ್ರತಿ ಸುತ್ತಿಗೂ ಫ್ಲೈವೀಲನ್ನು ಒರೆಸುತ್ತ, ಮೊದಲಿನಂತೆಯೇ ಗೇರ್ ಬೀಳದೆ ಕೂರುತ್ತಿತ್ತು. ವಾಪಸು ಕೊಟ್ಟು ಮತ್ತೆ ಮಾಡಿಸಿದೆವು, ಎರಡನೆಯದು ನೆಟ್ಟಗೆ ತಿರುಗಿತು.

ಜೋಡಿಸುವುದು ಬಹಳಮಟ್ಟಿಗೆ ಬಿಚ್ಚಿದ್ದರ ಉಲ್ಟಾ. ಎರಡು ಕಡೆ ಮಾತ್ರ ಎಚ್ಚರ ಬೇಕು. ಪ್ಲೇಟನ್ನು ನಟ್ಟನಡುವೆ ಹಿಡಿದಿಡಲು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಲೇತಿನಲ್ಲಿ ಒಂದು ಗಟ್ಟಿಮರದ ದಂಡ ಕಡೆಸಿಕೊಂಡೆವು, ತುದಿ ಕಂಚಿನ ಬುಷ್ಷಿಗೆ, ಮೈ ಪ್ಲೇಟಿನ ಹಬ್ಬಿಗೆ ಬಿಗಿಯಾಗಿ ಕೂರುವಂತೆ. ಹಬ್ಬಿನ ಉಬ್ಬಿದ ಬದಿ ಗೇರ್‌ಬಾಕ್ಸಿನ ಕಡೆ ಇರಬೇಕು, ತಿರುಗಿಸಿ ಹಾಕಿದರೆ ಹಬ್ ಫ್ಲೈವೀಲಿಗೆ ತಾಗುತ್ತದೆ. ಆರು ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯುತ್ತ 20 ಪೌಂಡ್-ಅಡಿಗೆ, ಅಂದರೆ 27 ನ್ಯೂಟನ್ ಮೀಟರಿಗೆ ತಂದೆವು. ಸ್ಪ್ಲೈನಿಗೆ ಗ್ರೀಸ್ ಬೆರಳಿಗೆ ಹತ್ತುವಷ್ಟೇ ಸವರಿ. ಹೆಚ್ಚಾದದ್ದು ತಿರುಗುವಾಗ ಹಾರಿ ಹೊಸ ಫೇಸಿಂಗಿಗೇ ಹೋಗುತ್ತದೆ.

ಇನ್ನೊಂದು, ಗೇರ್‌ಬಾಕ್ಸ್ ಒಳಗೆ ಕೂರುವ ಗಳಿಗೆ. ಅದನ್ನು ನಾಲ್ಕನೇ ಗೇರಿನಲ್ಲಿ ಹಾಕಿಟ್ಟರೆ ಹಿಂದಿನ ಫ್ಲೇಂಜ್ ತಿರುಗಿಸಿದಾಗ ಇನ್‌ಪುಟ್ ಶಾಫ್ಟೂ ತಿರುಗಿ ಹಲ್ಲು ಹಬ್ಬಿಗೆ ಹೊಂದಿಕೊಳ್ಳುತ್ತದೆ. ಬೆಲ್ ಹೌಸಿಂಗ್ ಎಂಜಿನ್ನಿಗೆ ಕೈಯಿಂದಲೇ ಪೂರ್ತಿ ಮುಟ್ಟಬೇಕು. ಕೊನೆಯ ಅರ್ಧ ಇಂಚನ್ನು ಬೋಲ್ಟ್ ಬಿಗಿದು ಎಳೆದುಕೊಳ್ಳಲು ಹೋದರೆ ಪ್ಲೇಟಿನ ಹಬ್ಬೋ ಬೆಲ್ ಹೌಸಿಂಗಿನ ಕಿವಿಯೋ ಮುರಿಯುತ್ತದೆ. ನಮಗೆ ಮೂರು ಸಲ ಹಿಂದೆ ತೆಗೆದು ಮುಂದೆ ದೂಡಬೇಕಾಯಿತು, ನಾಲ್ಕನೆಯ ಸಲ ತಾನಾಗಿ ಒಳಗೆ ಜಾರಿತು.

ಎಣ್ಣೆ 90 ನಂಬರಿನದು, ಜಿಎಲ್-4 ದರ್ಜೆ, ಸುಮಾರು 850 ಮಿ.ಲೀ., ಪಕ್ಕದ ತೂತಿನ ಅಂಚಿಗೆ ಬರುವವರೆಗೆ. ಅಂಗಡಿಯಲ್ಲಿ ಜಿಎಲ್-5 ಕೊಡಲು ಬರುತ್ತಾರೆ, ಅದರಲ್ಲಿನ ಹೆಚ್ಚಿನ ಗಂಧಕದ ಮದ್ದು ಒಳಗಿನ ಕಂಚು ಹಿತ್ತಾಳೆಯ ಭಾಗಗಳನ್ನು ತಿನ್ನಬಲ್ಲದು. ಮಟ್ಟ ದಾಟಿಸಿ ತುಂಬಿದರೆ ಹೆಚ್ಚಾದ ಎಣ್ಣೆ ಮುಂದಿನ ಕವರಿನಿಂದ ಮತ್ತೆ ಪ್ಲೇಟಿನ ಕಡೆಗೇ ದಾರಿ ಹುಡುಕುತ್ತದೆ.

ಹೊಸ ಫೇಸಿಂಗ್ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲಗೆ ಹಿಡಿದು ಹದಕ್ಕೆ ಬರಬೇಕು. ಧಾರವಾಡ ಹುಬ್ಬಳ್ಳಿ ನಡುವಿನ ಸುಮಾರು ಇಪ್ಪತ್ತು ಕಿಲೋಮೀಟರನ್ನು ಭಾರ ಹೇರದೆ, ಅರ್ಧ ಕ್ಲಚ್ಚಿನಲ್ಲಿ ಎಳೆಸದೆ ಓಡಾಡಿಸಿ, ಆಮೇಲೆ ಪುಶ್‌ರಾಡನ್ನೂ ಕ್ರ್ಯಾಂಕಿನ ಓಡಾಟವನ್ನೂ ಮತ್ತೆ ಅಳೆದೆವು. 12 ಮಿ.ಮೀ., ಏಳು ಥೌ. ಮುಂದಿನ ಜೂನ್‌ನಲ್ಲಿ ಗಾಡಿ ನಿಲ್ಲಿಸುವಾಗ ಪೆಡಲ್ ಒತ್ತಿ ಹಿಡಿಯಲು ಬೇಕಾದ ಕಟ್ಟಿಗೆಯನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ರಬ್ಬರ್ ಹೊಡೆದು, ಸೀಟಿನ ಕೆಳಗೆ ಇಟ್ಟಿದೆ.